ಮೂತ್ರಪಿಂಡದ ಗೇಜ್ ಓದಿದ ವೈದ್ಯ

ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ಕಿಡ್ನಿ ಎಂದ ಕೂಡಲೇ ಮಾತು ಹರಳಿನ ಕಡೆಗೆ ತಿರುಗುತ್ತದೆ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಬಿಸಿಲು, ದಿನವಿಡೀ ಹೊಲದಲ್ಲಿ ಬೆವರು, ಕುಡಿಯುವ ನೀರು ಕಡಿಮೆ, ಮೂತ್ರ ಇನ್ನೂ ಕಡಿಮೆ. ಹರಳು ಕಟ್ಟಲು ಇಷ್ಟು ಸಾಕು. ಹರಳಿನ ನೋವೂ ಅಂಥದ್ದೇ. ಪಕ್ಕೆ ಹಿಡಿದುಕೊಂಡು ಮನುಷ್ಯ ಹೊರಳಾಡುತ್ತಾನೆ, ಮನೆಯವರು ನಡುರಾತ್ರಿಯಲ್ಲೂ ಆಟೊ ಹಿಡಿದು ಆಸ್ಪತ್ರೆಗೆ ಓಡುತ್ತಾರೆ. ಹೀಗೆ ಓಡುವುದರಿಂದಲೇ ಹರಳಿನವರು ಬಹುಪಾಲು ಉಳಿದುಕೊಳ್ಳುತ್ತಾರೆ.

ಮೂತ್ರಪಿಂಡವನ್ನು ಪೂರ್ತಿ ಕೆಡಿಸುವ ಕಾಯಿಲೆಯ ರೀತಿ ಬೇರೆ. ಅದಕ್ಕೆ ನೋವಿಲ್ಲ. ಎರಡೂ ಕಿಡ್ನಿಗಳ ಕೆಲಸ ಅರ್ಧಕ್ಕೆ ಇಳಿದರೂ ಮನುಷ್ಯ ಎಂದಿನಂತೆ ಉಂಡು, ದುಡಿದು, ಮಲಗಿ ಏಳುತ್ತಾನೆ. ಕಾಲು ಬಾವು ಬಂದು, ಮುಖ ಊದಿ, ಊಟ ಸೇರದೆ, ವಾಕರಿಕೆ ಶುರುವಾಗಿ ವೈದ್ಯರ ಮುಂದೆ ಕುಳಿತಾಗ ಕಾಲು ಭಾಗವೂ ಉಳಿದಿರುವುದಿಲ್ಲ. ‘ಒಮ್ಮೆಲೇ ಎರಡೂ ಕಿಡ್ನಿ ಹೋದವು’ ಎಂದು ಮನೆಯವರು ಹೇಳುತ್ತಾರೆ. ಹೆಚ್ಚಿನ ಸಂದರ್ಭಗಳಲ್ಲಿ ಅವು ಒಮ್ಮೆಲೇ ಹೋಗಿರುವುದಿಲ್ಲ. ಹತ್ತು ಹದಿನೈದು ವರ್ಷ ಸದ್ದಿಲ್ಲದೆ ಹೋಗುತ್ತಿದ್ದವು, ಯಾರೂ ಅಳೆದು ನೋಡಿರಲಿಲ್ಲ.

ಏನನ್ನು ಅಳೆಯಬೇಕಿತ್ತು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿ ನೂರ ಎಂಬತ್ತು ವರ್ಷ ದಾಟಿದೆ. ಉತ್ತರ ಕೊಟ್ಟವರು ಜರ್ಮನಿಯ ಒಬ್ಬ ತರುಣ ವೈದ್ಯ, ಹೆಸರು ಕಾರ್ಲ್ ಲುಡ್ವಿಗ್. ಮೂತ್ರ ಹುಟ್ಟುವುದು ರಕ್ತದ ಒತ್ತಡದಿಂದ ಎಂದು ಅವರು ಹೇಳಿದರು. ಈ ಒಂದು ವಾಕ್ಯವನ್ನು ಸರಿಯಾಗಿ ತಿಳಿದುಕೊಂಡವರಿಗೆ ಬಿಪಿ ಮಾತ್ರೆ ಏಕೆ ಬಿಡಬಾರದು, ಬಿಸಿಲಲ್ಲಿ ದುಡಿದು ಬಂದು ನೋವಿನ ಮಾತ್ರೆ ಏಕೆ ನುಂಗಬಾರದು, ಡಯಾಲಿಸಿಸ್ ಯಂತ್ರ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ. ಆದ್ದರಿಂದ ಅವರ ಕಥೆಯನ್ನು ತುಸು ನಿಧಾನವಾಗಿಯೇ ಹೇಳಬೇಕು.

ಲುಡ್ವಿಗ್ ಹುಟ್ಟಿದ್ದು 1816ರ ಡಿಸೆಂಬರ್ 29ರಂದು, ವಿಟ್ಸೆನ್‌ಹೌಸೆನ್ ಎಂಬ ಸಣ್ಣ ಊರಿನಲ್ಲಿ. ತಂದೆ ನೆಪೋಲಿಯನ್ ಕಾಲದ ಯುದ್ಧಗಳನ್ನು ಕಂಡ ಅಶ್ವದಳದ ಅಧಿಕಾರಿ. ಮಗ ವೈದ್ಯ ವಿದ್ಯೆಗೆಂದು ಮಾರ್ಬರ್ಗ್ ವಿಶ್ವವಿದ್ಯಾಲಯ ಸೇರಿದವನು ಓದಿನಷ್ಟೇ ಜಗಳದಲ್ಲೂ ಮುಂದಿದ್ದ. ಕತ್ತಿವರಸೆಯ ಕಾಳಗದಲ್ಲಿ ಮೇಲ್ದುಟಿಯ ಮೇಲಾದ ಗಾಯದ ಗುರುತು ಕೊನೆಯವರೆಗೂ ಉಳಿಯಿತು. ರಾಜಕೀಯ ಚಟುವಟಿಕೆಗಾಗಿ ವಿಶ್ವವಿದ್ಯಾಲಯ ಹೊರಗೆ ಹಾಕಿತು. ಎರ್ಲಾಂಗೆನ್, ಬಾಂಬರ್ಗ್ ಅಲೆದು, ಮತ್ತೆ ಮಾರ್ಬರ್ಗ್‌ಗೇ ಬಂದು ಪದವಿ ಮುಗಿಸಿದರು. ಅಂಗರಚನಾ ವಿಭಾಗದಲ್ಲಿ ಶವಗಳನ್ನು ಪಾಠಕ್ಕೆ ಸಿದ್ಧಪಡಿಸುವ ಕೆಲಸ ಸಿಕ್ಕಿತು. ಮುಂದೆ ಇಡೀ ಯುರೋಪಿನ ಶರೀರಕ್ರಿಯಾ ವಿಜ್ಞಾನಕ್ಕೆ ಗುರುವಾದವರು ಶುರು ಮಾಡಿದ್ದು ಈ ಸಣ್ಣ ಹುದ್ದೆಯಿಂದ.

1842ರಲ್ಲಿ, ಇಪ್ಪತ್ತೈದನೆಯ ವಯಸ್ಸಿನಲ್ಲಿ, ಪಾಠ ಹೇಳುವ ಅರ್ಹತೆಗಾಗಿ ಅವರು ಲ್ಯಾಟಿನ್ ಭಾಷೆಯಲ್ಲಿ ಒಂದು ಪ್ರಬಂಧ ಸಲ್ಲಿಸಿದರು. ಆ ಕಾಲ ಎಂಥದ್ದೆಂದು ನಮ್ಮ ಓದುಗರಿಗೆ ಹೊಳೆಯಬೇಕಾದರೆ ಕೃಷ್ಣೆಯ ಆಚೆ ದಡ ನೋಡಿದರೆ ಸಾಕು: ಸುರಪುರದಲ್ಲಿ ಆಗ ಮೆಡೋಸ್ ಟೇಲರ್ ಬಾಲಕ ದೊರೆ ವೆಂಕಟಪ್ಪ ನಾಯಕನ ಸಂಸ್ಥಾನದ ವ್ಯವಹಾರ ನೋಡಿಕೊಳ್ಳುತ್ತಿದ್ದರು. ಕೈಗೆ ಪಟ್ಟಿ ಸುತ್ತಿ ಬಿಪಿ ನೋಡುವ ಉಪಕರಣ ಇನ್ನೂ ಐವತ್ತು ವರ್ಷ ದೂರವಿತ್ತು. ಮೂತ್ರ ಹೇಗೆ ಆಗುತ್ತದೆ ಎಂದರೆ, ಜೀವಕ್ಕೆ ಮಾತ್ರ ಇರುವ ಯಾವುದೋ ಶಕ್ತಿ ಒಳಗೆ ಕುಳಿತು ಬೇಕಾದ್ದು ಬೇಡದ್ದನ್ನು ಆರಿಸುತ್ತದೆ ಎಂದು ದೊಡ್ಡ ದೊಡ್ಡ ಪಂಡಿತರೇ ನಂಬಿದ್ದರು.

ಲುಡ್ವಿಗ್ ಸೂಕ್ಷ್ಮದರ್ಶಕದಲ್ಲಿ ಮೂತ್ರಪಿಂಡದ ರಕ್ತನಾಳಗಳ ಜೋಡಣೆ ನೋಡಿದರು. ದೇಹದ ಬೇರೆ ಕಡೆ ರಕ್ತನಾಳ ಕವಲೊಡೆಯುತ್ತಾ ಸಣ್ಣದಾಗಿ ಅಪಧಮನಿಯಿಂದ ಅಭಿಧಮನಿಗೆ ಸೇರುತ್ತದೆ. ಇಲ್ಲಿ ಹಾಗಲ್ಲ. ಒಂದು ಕಿರು ಅಪಧಮನಿ ಒಳಗೆ ಬಂದು ಎಳೆ ಎಳೆಯಾಗಿ ಸುತ್ತಿಕೊಂಡು ಗಂಟಾಗುತ್ತದೆ. ಗಂಟಿನಿಂದ ಹೊರಡುವುದೂ ಒಂದು ಕಿರು ಅಪಧಮನಿಯೇ, ಅದೂ ಒಳಬಂದದ್ದಕ್ಕಿಂತ ಸಪೂರವಾದದ್ದು. ಗಂಟಿನ ಸುತ್ತ ಬಟ್ಟಲಿನಂಥ ಕೋಶ, ಅಲ್ಲಿಂದ ಹೊರಡುವ ಉದ್ದನೆಯ ಕೊಳವೆ. ಅದೇ 1842ರಲ್ಲಿ ಲಂಡನ್ನಿನ ವಿಲಿಯಂ ಬೋಮನ್ ಈ ಕೋಶವನ್ನು ಚೆನ್ನಾಗಿ ವರ್ಣಿಸಿದ್ದರು. ಅಗಲವಾದ ದಾರಿಯಲ್ಲಿ ಒಳಗೆ ಬಂದ ರಕ್ತಕ್ಕೆ ಹೊರಗೆ ಹೋಗಲು ಕಿರಿದಾದ ದಾರಿ ಇದ್ದರೆ ನಡುವೆ ಏನಾಗಬೇಕು? ಒತ್ತಡ ಹೆಚ್ಚಬೇಕು. ಆ ಒತ್ತಡಕ್ಕೆ ನಾಳದ ತೆಳು ಗೋಡೆಯ ಮೂಲಕ ನೀರು, ಉಪ್ಪು, ಯೂರಿಯಾ, ಸಕ್ಕರೆಯಂಥ ಸಣ್ಣ ಕಣಗಳು ಬಟ್ಟಲಿಗೆ ಸೋಸಿ ಬರಬೇಕು, ರಕ್ತಕಣಗಳೂ ಪ್ರೋಟೀನುಗಳೂ ಒಳಗೇ ಉಳಿಯಬೇಕು. ಸೋಸಿದ ದ್ರವ ಕೊಳವೆಯಲ್ಲಿ ಸಾಗುವಾಗ ಅದರ ನೀರಿನ ಬಹುಭಾಗ ಮತ್ತೆ ರಕ್ತಕ್ಕೆ ಮರಳಬೇಕು, ಉಳಿದದ್ದು ಮೂತ್ರ. ಜೀವಶಕ್ತಿಯ ಮಾತೇ ಇಲ್ಲ. ಒತ್ತಡ, ಗೋಡೆ, ಕಣದ ಗಾತ್ರ, ಇಷ್ಟೇ.

ತುಂಗಭದ್ರಾ ಎಡದಂಡೆ ಕಾಲುವೆಯ ಮೇಲೆ ಬದುಕು ಕಟ್ಟಿಕೊಂಡವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯ ಕಡಿಮೆ. 69ನೇ ಮೈಲಿನಲ್ಲಿ ಗೇಜ್, ಅಂದರೆ ನೀರಿನ ಮಟ್ಟ, ಎಷ್ಟು, 104ನೇ ಮೈಲಿನಲ್ಲಿ ಎಷ್ಟು ಎಂಬ ಸುದ್ದಿ ಇಲ್ಲಿ ಹಬ್ಬದ ದಿನವೂ ಚರ್ಚೆಯಾಗುತ್ತದೆ. ಗೇಜ್ ಇಳಿದರೆ ಕಾಲುವೆಯಲ್ಲಿ ನೀರಿದ್ದರೂ ವಿತರಣಾ ಕಾಲುವೆಗೆ ಏರುವುದಿಲ್ಲ, ಕೊನೆಭಾಗದ ಗದ್ದೆ ಒಣಗುತ್ತದೆ. ಗೇಜ್ ಮಿತಿಮೀರಿದರೆ ಏರಿ ಒಡೆಯುತ್ತದೆ. ಮೂತ್ರಪಿಂಡದ ಪ್ರತಿ ಗಂಟಿಗೂ ಮೇಲೊಂದು ಗೇಟು, ಕೆಳಗೊಂದು ಗೇಟು. ನಡುವಿನ ಗೇಜ್ ಸರಿಯಾಗಿದ್ದಷ್ಟು ಕಾಲ ಶೋಧನೆ ಸರಿ. ಲುಡ್ವಿಗ್ ಕಂಡದ್ದು ಈ ಗೇಜನ್ನು.

ಕಂಡದ್ದನ್ನು ಅಳೆಯಲೂಬೇಕಲ್ಲ. ನಾಳದೊಳಗಿನ ಒತ್ತಡವನ್ನು ಪಾದರಸದ ಕೊಳವೆಯಿಂದ ಅಳೆಯುವುದನ್ನು ಫ್ರಾನ್ಸಿನ ಪ್ವಾಝೇ 1828ರಲ್ಲೇ ತೋರಿಸಿದ್ದರು. ಆದರೆ ಪಾದರಸ ಎದೆಬಡಿತಕ್ಕೆ ತಕ್ಕಂತೆ ಕುಣಿಯುತ್ತಿರುವಾಗ ಕಣ್ಣಳತೆಯಲ್ಲಿ ಬರೆದುಕೊಳ್ಳುವುದು ಹೇಗೆ? 1846ರ ಕೊನೆಯಲ್ಲಿ ಲುಡ್ವಿಗ್ ಪಾದರಸದ ಮೇಲೆ ಒಂದು ತೇಲುವ ಬಿರಟೆ ಇಟ್ಟು, ಅದಕ್ಕೆ ಲೇಖನಿ ಸಿಕ್ಕಿಸಿ, ತಿರುಗುವ ಉರುಳೆಯ ಮೇಲಿನ ಕಾಗದಕ್ಕೆ ತಾಗಿಸಿದರು. ರಕ್ತದ ಒತ್ತಡ ತನ್ನ ಗೆರೆಯನ್ನು ತಾನೇ ಬರೆಯತೊಡಗಿತು. ಕೈಮೋಗ್ರಾಫ್ ಎಂಬ ಈ ಸಾಧನ ಒಂದೂಕಾಲು ಶತಮಾನ ಜಗತ್ತಿನ ಪ್ರಯೋಗಶಾಲೆಗಳನ್ನು ಆಳಿತು. ನಮ್ಮ ಬಳ್ಳಾರಿ, ಹುಬ್ಬಳ್ಳಿಯಂಥ ಕಾಲೇಜುಗಳಲ್ಲಿ ಓದಿದ ಹಿರಿಯ ವೈದ್ಯರನ್ನು ಕೇಳಿ ನೋಡಿ, ಮೊದಲ ವರ್ಷದಲ್ಲಿ ಮಸಿ ಹಿಡಿಸಿದ ಉರುಳೆಯ ಮೇಲೆ ಕಪ್ಪೆಯ ಸ್ನಾಯು ಬರೆದ ಗೆರೆ ಅವರಿಗೆ ಇನ್ನೂ ನೆನಪಿರುತ್ತದೆ. ಬಿಪಿಯನ್ನು ಇಂದಿಗೂ ‘ಮಿಲಿಮೀಟರ್ ಪಾದರಸ’ದಲ್ಲಿ ಹೇಳುವುದು ಆ ಕಾಲದ ಕೊಳವೆಯ ಕುರುಹೇ.

ಮುಂದಿನ ಐವತ್ತು ವರ್ಷವನ್ನು ಬೇಗ ಹೇಳಿಬಿಡಬಹುದು. 1847ರಲ್ಲಿ ಬರ್ಲಿನ್ನಿಗೆ ಹೋಗಿ ಹೆಲ್ಮ್‌ಹೋಲ್ಟ್ಸ್, ಬ್ರೂಕೆ, ದ್ಯು ಬ್ವಾ-ರೇಮೋಂ ಎಂಬ ಸಮವಯಸ್ಕರನ್ನು ಕಂಡರು. ದೇಹವನ್ನು ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಆಧಾರದ ಮೇಲೆಯೇ ವಿವರಿಸಬೇಕು ಎಂಬ ಹಟ ನಾಲ್ವರದ್ದೂ ಆಗಿತ್ತು. 1849ರಲ್ಲಿ ಜ್ಯೂರಿಕ್, 1855ರಲ್ಲಿ ವಿಯೆನ್ನಾ, 1865ರಲ್ಲಿ ಲೈಪ್‌ಜಿಗ್. ಲೈಪ್‌ಜಿಗ್‌ನಲ್ಲಿ 1869ರಲ್ಲಿ ತೆರೆದ ಅವರ ಸಂಸ್ಥೆಗೆ ರಷ್ಯಾ, ಅಮೆರಿಕ, ಇಟಲಿ, ಬ್ರಿಟನ್ನಿನಿಂದ ತರುಣರು ಬಂದರು. ಮುಂದೆ ನೊಬೆಲ್ ಪಡೆದ ಪಾವ್ಲೊವ್ ಕೂಡ ಅಲ್ಲಿ ಕಲಿತವರು. ಈ ಶಿಷ್ಯರ ಪ್ರಬಂಧಗಳಲ್ಲಿ ಯೋಚನೆ ಗುರುವಿನದು, ಉಪಕರಣ ಗುರುವಿನದು, ಎಷ್ಟೋ ಸಲ ಬರಹವೂ ಗುರುವಿನದೇ. ಹೆಸರು ಮಾತ್ರ ಶಿಷ್ಯನದು. ಶಿಷ್ಯರ ದುಡಿಮೆಗೆ ತಮ್ಮ ಹೆಸರು ಅಂಟಿಸಿಕೊಳ್ಳುವ ಗುರುಗಳು ಎಲ್ಲ ದೇಶಗಳಲ್ಲೂ ಇರುವಾಗ ಲುಡ್ವಿಗ್ ಅವರ ಈ ಗುಣ ಅವರ ಸಂಶೋಧನೆಯಷ್ಟೇ ದೊಡ್ಡದು ಎಂದು ನನಗೆ ಅನ್ನಿಸುತ್ತದೆ. ನಾಯಿ, ಕಪ್ಪೆಗಳ ಮೇಲೆ ಪ್ರಯೋಗ ಮಾಡುತ್ತಿದ್ದ ಅದೇ ಮನುಷ್ಯ ಲೈಪ್‌ಜಿಗ್‌ನ ಪ್ರಾಣಿದಯಾ ಸಂಘವನ್ನೂ ಮುನ್ನಡೆಸಿದರು. ಲಂಡನ್ನಿನ ರಾಯಲ್ ಸೊಸೈಟಿ 1884ರಲ್ಲಿ ಕಾಪ್ಲಿ ಪದಕ ಕೊಟ್ಟಿತು. 1895ರ ಏಪ್ರಿಲ್‌ನಲ್ಲಿ ಲೈಪ್‌ಜಿಗ್‌ನಲ್ಲೇ ತೀರಿಕೊಂಡರು.

ಆದರೆ ಅವರು ಕಣ್ಣು ಮುಚ್ಚುವ ಹೊತ್ತಿಗೆ ಅವರ ಮೂತ್ರಪಿಂಡ ಸಿದ್ಧಾಂತ ಸೋತಂತೆಯೇ ಕಾಣುತ್ತಿತ್ತು. ಬ್ರೆಸ್ಲೌ ನಗರದ ರುಡಾಲ್ಫ್ ಹೈಡನ್‌ಹೈನ್ ಎಂಬ ಮತ್ತೊಬ್ಬ ಜರ್ಮನ್ ವಿಜ್ಞಾನಿ ಪ್ರಾಣಿಗಳಿಗೆ ನೀಲಿ ಬಣ್ಣ ಚುಚ್ಚಿ, ಅದು ಗಂಟಿನಲ್ಲಿ ಕಾಣದೆ ಕೊಳವೆಯ ಜೀವಕೋಶಗಳಲ್ಲಿ ಕಾಣುವುದನ್ನು ತೋರಿಸಿದರು. ಅಂದರೆ ಕೊಳವೆಯ ಗೋಡೆ ಬರೀ ಹೀರುವುದಿಲ್ಲ, ತಾನೂ ವಸ್ತುಗಳನ್ನು ಒಳಗೆ ಸುರಿಯುತ್ತದೆ. ಜೊತೆಗೆ ಅವರು ಒಂದು ಲೆಕ್ಕ ಹಾಕಿದರು. ಮನುಷ್ಯ ದಿನಕ್ಕೆ ಹೊರಹಾಕುವ ಯೂರಿಯಾ ಎಲ್ಲವೂ ಬರೀ ಸೋಸುವುದರಿಂದ ಬರಬೇಕಾದರೆ ದಿನಕ್ಕೆ ಎಪ್ಪತ್ತು ಲೀಟರಿನಷ್ಟು ದ್ರವ ಸೋಸಬೇಕು, ಅದರಲ್ಲಿ ಅರವತ್ತೆಂಟು ಲೀಟರಿಗೂ ಮಿಕ್ಕಿ ಮರಳಿ ಹೀರಬೇಕು. ಇಂಥ ಹುಚ್ಚು ದುಡಿಮೆಯನ್ನು ಪ್ರಕೃತಿ ಯಾಕಾದರೂ ಮಾಡೀತು? ಕೇಳಿದವರಿಗೆಲ್ಲ ಸರಿ ಎನಿಸಿತು.

ಪ್ರಕೃತಿ ಅದಕ್ಕಿಂತಲೂ ಹೆಚ್ಚು ದುಡಿಯುತ್ತದೆ. ಆರೋಗ್ಯವಂತ ವಯಸ್ಕರ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಒಂದೊಂದು ಕಿಡ್ನಿಯಲ್ಲಿ ಹತ್ತು ಲಕ್ಷದ ಆಸುಪಾಸು ಗಂಟುಗಳು. ಹೃದಯ ಹೊರದೂಡುವ ರಕ್ತದಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು, ನಿಮಿಷಕ್ಕೆ ಒಂದು ಲೀಟರಿಗೂ ಮಿಕ್ಕಿ, ಈ ಎರಡು ಸಣ್ಣ ಅಂಗಗಳಿಗೇ ಹೋಗುತ್ತದೆ. 180 ಲೀಟರಿನಲ್ಲಿ ಮೂತ್ರವಾಗಿ ಹೊರಬರುವುದು ಒಂದೂವರೆ ಲೀಟರ್. 1924ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ವರ್ನ್ ಮತ್ತು ರಿಚರ್ಡ್ಸ್ ಕಪ್ಪೆಯ ಮೂತ್ರಪಿಂಡದ ಒಂದೇ ಗಂಟಿನ ಬಟ್ಟಲಿಗೆ ಕೂದಲಿಗಿಂತ ಸಪೂರವಾದ ಗಾಜಿನ ಕೊಳವೆ ಚುಚ್ಚಿ ಹನಿ ದ್ರವ ತೆಗೆದರು. ಅದರಲ್ಲಿ ಪ್ರೋಟೀನ್ ಇರಲಿಲ್ಲ, ಸಕ್ಕರೆ ಇತ್ತು. ಅದೇ ಕಪ್ಪೆಯ ಮೂತ್ರದಲ್ಲಿ ಸಕ್ಕರೆ ಇರಲಿಲ್ಲ. ಮೊದಲು ಸೋಸುವುದು, ಆಮೇಲೆ ಮರಳಿ ಹೀರುವುದು ಎರಡೂ ಒಂದೇ ಪ್ರಯೋಗದಲ್ಲಿ ಕಣ್ಣಿಗೆ ಬಿದ್ದವು. ಲುಡ್ವಿಗ್ ಸತ್ತು ಆಗ ಇಪ್ಪತ್ತೊಂಬತ್ತು ವರ್ಷ. ಹೈಡನ್‌ಹೈನ್ ಹೇಳಿದ್ದರಲ್ಲೂ ಸತ್ಯವಿತ್ತು: ಕೊಳವೆಯ ಜೀವಕೋಶಗಳು ಶಕ್ತಿ ವ್ಯಯಿಸಿ ಹೀರುತ್ತವೆ, ಕೆಲವು ವಸ್ತುಗಳನ್ನು ಸುರಿಯುತ್ತವೆ. ಮರಳಿ ಹೀರುವುದು ತಾನಾಗಿ ನಡೆಯುತ್ತದೆ ಎಂದು ಲುಡ್ವಿಗ್ ತಿಳಿದದ್ದು ಸಾಲದಾಗಿತ್ತು. ಆದರೆ ಮೊದಲ ಹೆಜ್ಜೆ, ಒತ್ತಡದಿಂದ ಸೋಸುವುದು, ಅವರು ಹೇಳಿದ ಹಾಗೆಯೇ ಇತ್ತು.

ಈಗ ಸಿಂಧನೂರಿಗೆ ಬರೋಣ. ಗೇಜ್ ಮಿತಿಮೀರಿದಾಗ ಏನಾಗುತ್ತದೆ ಎಂಬುದು ನಮ್ಮ ಮನೆಮನೆಯ ವಿಷಯ. ಬಿಪಿ ಏರಿದ ಮನುಷ್ಯನಿಗೆ ಸಾಮಾನ್ಯವಾಗಿ ಏನೂ ಅನ್ನಿಸುವುದಿಲ್ಲ. ಗಂಟಿನ ಮೇಲುಗೇಟು ಕೆಲ ಕಾಲ ಬಿಗಿದುಕೊಂಡು ಒಳಗಿನ ಒತ್ತಡವನ್ನು ಕಾಯುತ್ತದೆ. ವರ್ಷಗಟ್ಟಲೆ ಬಿಗಿದುಕೊಂಡ ಆ ಕಿರುನಾಳದ ಗೋಡೆ ದಪ್ಪವಾಗಿ ಗಡುಸಾಗುತ್ತದೆ, ಕೆಳಗಿನ ಗಂಟು ರಕ್ತವಿಲ್ಲದೆ ಬಾಡುತ್ತದೆ. ಇಲ್ಲವೇ ಕಾವಲು ಸೋತು ಒತ್ತಡ ನೇರ ಗಂಟಿಗೇ ನುಗ್ಗುತ್ತದೆ. ಶುಗರ್ ಇರುವವರಲ್ಲಿ ಮೇಲುಗೇಟು ಅಗಲವಾಗಿ ತೆರೆದುಕೊಂಡೇ ಇರುವುದರಿಂದ ಕೈಯಲ್ಲಿ ನೋಡಿದ ಬಿಪಿ ತುಸುವೇ ಹೆಚ್ಚಿದ್ದರೂ ಗಂಟಿನೊಳಗೆ ಅದು ವಿಪರೀತವಾಗಿರುತ್ತದೆ. ಒಂದಿಷ್ಟು ಗಂಟುಗಳು ಸತ್ತರೆ ಅವುಗಳ ಕೆಲಸ ಉಳಿದವುಗಳ ಮೇಲೆ ಬೀಳುತ್ತದೆ, ಹೆಚ್ಚು ಒತ್ತಡದಲ್ಲಿ ದುಡಿದು ಅವೂ ಸಾಯುತ್ತವೆ. ಒಮ್ಮೆ ಶುರುವಾದ ಕಿಡ್ನಿ ಕಾಯಿಲೆ ತಾನಾಗಿ ಮುಂದುವರಿಯುವುದು ಈ ಸುಳಿಯಿಂದ. ಸತ್ತ ಗಂಟು ಮತ್ತೆ ಹುಟ್ಟುವುದಿಲ್ಲ.

ಬಿಪಿ ಮಾತ್ರೆಯನ್ನು ‘ಈಗ ಆರಾಮ ಇದ್ದೇನೆ’ ಎಂದು ಬಿಡುವವರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಆ ಮಾತ್ರೆಗಳಲ್ಲಿ ಕೆಲವು, ಹೆಸರು ‘ಪ್ರಿಲ್’ ಎಂದೋ ‘ಸಾರ್ಟನ್’ ಎಂದೋ ಮುಗಿಯುವಂಥವು, ಗಂಟಿನ ಕೆಳಗೇಟನ್ನು ಸಡಿಲಿಸಿ ಒಳಗಿನ ಒತ್ತಡವನ್ನೇ ಇಳಿಸುತ್ತವೆ. ತಲೆನೋವು ಹೋಗಲಿ ಎಂದು ಕೊಡುವ ಮಾತ್ರೆ ಅದಲ್ಲ. ಉಪ್ಪಿನ ಮಾತೂ ಇಲ್ಲೇ ಬರುತ್ತದೆ. ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚದಷ್ಟು ಉಪ್ಪು ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಳಿಗ್ಗೆ ಮಂಡಾಳು ಒಗ್ಗರಣೆ, ಜೊತೆಗೆ ಮಿರ್ಚಿ, ಮಧ್ಯಾಹ್ನ ರೊಟ್ಟಿಯ ಜೊತೆ ಶೇಂಗಾ ಹಿಂಡಿ, ಉಪ್ಪಿನಕಾಯಿ ಸೇರಿದರೆ ಸಂಜೆಯಾಗುವ ಮೊದಲೇ ಆ ಮಿತಿ ದಾಟಿರುತ್ತೇವೆ. ಮಿರ್ಚಿ ಬಿಡಿ ಎಂದು ಈ ಸೀಮೆಯವರಿಗೆ ಹೇಳುವ ಧೈರ್ಯ ನನಗಿಲ್ಲ. ಬಿಪಿ ಇರುವವರ ತಟ್ಟೆಯಲ್ಲಿ ಉಪ್ಪಿನಕಾಯಿಯಾದರೂ ಇಲ್ಲದಿರಲಿ.

ಗೇಜ್ ಇಳಿಯುವುದರ ಅಪಾಯ ಇನ್ನೂ ಕಡಿಮೆ ಜನರಿಗೆ ಗೊತ್ತು. ಈ ಭಾಗವನ್ನು ಬಿಡಿಸಿದವರಲ್ಲಿ ಮತ್ತೊಬ್ಬ ಜರ್ಮನ್ ವೈದ್ಯ, ಮ್ಯೂನಿಕ್‌ನ ಕ್ಲೌಸ್ ಥುರಾವ್, ಮುಖ್ಯರು. ಕೊಳವೆ ಉದ್ದಕ್ಕೆ ಸಾಗಿ, ತಿರುಗಿ, ತಾನು ಹೊರಟ ಗಂಟಿನ ಬಾಗಿಲಿಗೇ ಬಂದು ತಾಗುತ್ತದೆ. ಅಲ್ಲಿರುವ ವಿಶೇಷ ಜೀವಕೋಶಗಳು ಹಾದುಹೋಗುವ ದ್ರವದ ಉಪ್ಪನ್ನು ನೋಡುತ್ತಿರುತ್ತವೆ. ಉಪ್ಪು ಹೆಚ್ಚಾಗಿ ಬಂದರೆ ಕೊಳವೆ ಹೀರುವಲ್ಲಿ ಸೋಲುತ್ತಿದೆ ಎಂದರ್ಥ, ಕೂಡಲೇ ಮೇಲುಗೇಟು ಬಿಗಿಯುತ್ತದೆ, ಸೋಸುವುದು ಕಡಿಮೆಯಾಗುತ್ತದೆ. ಥುರಾವ್ ಮತ್ತು ಅವರ ಜೊತೆಗಾರ ಬಾಯ್ಲನ್ 1976ರಲ್ಲಿ ಒಂದು ಹೊಸ ಮಾತು ಹೇಳಿದರು: ತೀವ್ರ ಕಾಯಿಲೆಯಲ್ಲಿ ಮೂತ್ರ ನಿಂತುಹೋಗುವುದು ಕಿಡ್ನಿಯ ಸೋಲಲ್ಲ, ಅದು ದೇಹವನ್ನು ಉಳಿಸುವ ಕೊನೆಯ ಉಪಾಯ. ಲೆಕ್ಕ ಹಾಕಿದರೆ ನಿಜ. ಕೊಳವೆ ಹೀರದೆ ಹೋದರೂ ಗಂಟು ದಿನಕ್ಕೆ 180 ಲೀಟರಿನ ವೇಗದಲ್ಲಿ ಸೋಸುತ್ತಲೇ ಇದ್ದರೆ ಮೈಯ ರಕ್ತದ ನೀರೆಲ್ಲ ಗಂಟೆಯೊಳಗೆ ಬರಿದಾದೀತು.

ಏಪ್ರಿಲ್, ಮೇ ತಿಂಗಳಲ್ಲಿ ಬೇಸಿಗೆ ಭತ್ತದ ಕಟಾವು, ಇಟ್ಟಿಗೆ ಭಟ್ಟಿ, ರಸ್ತೆ ಕೆಲಸ, ಕಲ್ಲು ಕ್ವಾರಿಗಳಲ್ಲಿ ದುಡಿಯುವವರ ಮೈ ಈ ಉಪಾಯದ ಅಂಚಿನಲ್ಲೇ ಇರುತ್ತದೆ. ಉರಿಬಿಸಿಲಲ್ಲಿ ಕಷ್ಟದ ಕೆಲಸ ಮಾಡುವವರಿಗೆ ಗಂಟೆಗೆ ಒಂದು ಲೀಟರಿನವರೆಗೂ ಬೆವರು ಹೋಗಬಹುದು. ರಕ್ತದ ಪ್ರಮಾಣ ಕುಗ್ಗುತ್ತದೆ, ಕಿಡ್ನಿಗೆ ಬರುವ ಹರಿವು ಇಳಿಯುತ್ತದೆ. ಆಗ ಮೂತ್ರಪಿಂಡ ಪ್ರೊಸ್ಟಾಗ್ಲಾಂಡಿನ್ ಎಂಬ ರಸವನ್ನು ತಾನೇ ಮಾಡಿಕೊಂಡು ಮೇಲುಗೇಟನ್ನು ಮುಚ್ಚದಂತೆ ಹಿಡಿದಿಡುತ್ತದೆ. ಸಂಜೆ ಮೈಕೈ ನೋವು ತಾಳದೆ ಕೂಲಿಯವರು ಅಂಗಡಿಯಲ್ಲಿ ಕೊಳ್ಳುವ ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆ ನೋವು ಕಳೆಯುವುದು ಇದೇ ರಸವನ್ನು ತಡೆದು. ನೋವೂ ಹೋಗುತ್ತದೆ, ಗೇಟು ಹಿಡಿದಿದ್ದ ಕೈಯೂ ಹೋಗುತ್ತದೆ. ಒಂದು ದಿನಕ್ಕೆ ಆರೋಗ್ಯವಂತ ಕಿಡ್ನಿ ಇದನ್ನು ತಡೆದುಕೊಂಡೀತು. ಬೇಸಿಗೆಯುದ್ದಕ್ಕೂ ದಿನಾ ನುಂಗಿದರೆ, ವಾಂತಿಭೇದಿಯ ದಿನವೂ ನುಂಗಿದರೆ, ಬಿಪಿ ಶುಗರ್ ಇದ್ದೂ ನುಂಗಿದರೆ ತಡೆಯುವುದಿಲ್ಲ. ನೋವಿಗೆ ಪ್ಯಾರಾಸಿಟಮಾಲ್ ಹೇಳಿದ ಪ್ರಮಾಣದಲ್ಲಿ ತೆಗೆದುಕೊಳ್ಳುವುದು ಕಿಡ್ನಿಯ ದೃಷ್ಟಿಯಿಂದ ಮೇಲು. ಬಿಪಿಯ ‘ಪ್ರಿಲ್’, ‘ಸಾರ್ಟನ್’ ಮಾತ್ರೆ ತೆಗೆದುಕೊಳ್ಳುವವರು ವಾಂತಿಭೇದಿ ಹತ್ತಿದ ದಿನ ಅದನ್ನು ಏನು ಮಾಡಬೇಕೆಂದು ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು.

ಮಧ್ಯ ಅಮೆರಿಕದ ಕಬ್ಬಿನ ಗದ್ದೆಗಳಲ್ಲಿ, ನಮ್ಮ ನೆರೆಯ ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಪ್ರದೇಶದಲ್ಲಿ, ಬಿಪಿ ಶುಗರ್ ಎರಡೂ ಇಲ್ಲದ ದುಡಿಯುವ ಜನರಿಗೇ ಕಿಡ್ನಿ ಕಾಯಿಲೆ ಹಿಡಿದಿರುವುದು ವೈದ್ಯಲೋಕದ ದೊಡ್ಡ ಒಗಟು. ಕಾರಣದ ಬಗ್ಗೆ ಒಮ್ಮತವಿಲ್ಲ. ಬಿಸಿಲು, ನೀರು, ಕೀಟನಾಶಕ, ಲೋಹ ಎಲ್ಲದರ ಮೇಲೂ ಅನುಮಾನವಿದೆ. ಆದರೂ ಕಬ್ಬು ಕಡಿಯುವವರಿಗೆ ನೀರು, ನೆರಳು, ವಿಶ್ರಾಂತಿ ಕಡ್ಡಾಯ ಮಾಡಿದ ಕಡೆ ಕಿಡ್ನಿಗೆ ಆಗುವ ಪೆಟ್ಟು ಕಡಿಮೆಯಾದದ್ದು ಕಂಡುಬಂದಿದೆ. ಕಾರಣ ಪೂರ್ತಿ ತಿಳಿಯುವವರೆಗೆ ನೆರಳಿಗೆ ಕಾಯಬೇಕಿಲ್ಲ. ರಾಯಚೂರು ಜಿಲ್ಲೆಯ ಹಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವುದೂ ಇಲ್ಲಿ ಪ್ರಸ್ತುತ. ಮೈಗೆ ಸೇರಿದ ಫ್ಲೋರೈಡನ್ನು ಹೊರಹಾಕುವ ಮುಖ್ಯ ದಾರಿ ಮೂತ್ರಪಿಂಡವೇ. ಅದು ಸೊರಗಿದವರಲ್ಲಿ ಫ್ಲೋರೈಡ್ ಇನ್ನಷ್ಟು ಉಳಿಯುತ್ತದೆ. ಕಿಡ್ನಿ ಕಾಯಿಲೆಯವರಿರುವ ಮನೆಗೆ ಶುದ್ಧ ನೀರಿನ ಘಟಕದ ನೀರು ಐಷಾರಾಮವಲ್ಲ, ಔಷಧದಷ್ಟೇ ಅಗತ್ಯ.

ಕಿಡ್ನಿ ಪೂರ್ತಿ ಸೋತ ಮೇಲೆ ಉಳಿಯುವುದು ಡಯಾಲಿಸಿಸ್ ಅಥವಾ ಕಸಿ. ಮನುಷ್ಯನ ಮೇಲೆ ಮೊದಲ ಡಯಾಲಿಸಿಸ್ ನಡೆದದ್ದೂ ಜರ್ಮನಿಯಲ್ಲಿ: 1924ರಲ್ಲಿ ಗೀಸೆನ್ ನಗರದ ವೈದ್ಯ ಗೆಯೋರ್ಗ್ ಹಾಸ್ ಹದಿನೈದು ನಿಮಿಷ ಅದನ್ನು ಮಾಡಿದರು. ನೆದರ್‌ಲ್ಯಾಂಡ್ಸ್‌ನ ವಿಲ್ಲೆಮ್ ಕೋಲ್ಫ್ 1945ರಲ್ಲಿ ತಮ್ಮ ಯಂತ್ರದಿಂದ ಮೊದಲ ಬಾರಿಗೆ ಒಂದು ಜೀವ ಉಳಿಸಿದರು. ಯಂತ್ರದ ತಿರುಳು ಲುಡ್ವಿಗ್ ಹೇಳಿದ್ದರ ಮೊದಲ ಭಾಗಕ್ಕೆ ಹತ್ತಿರ: ತೆಳು ಪೊರೆ, ಸಣ್ಣ ಕಣ ಆಚೆ, ದೊಡ್ಡದು ಈಚೆ. ಬೇಕಾದ್ದನ್ನು ಮರಳಿ ಹೀರುವ, ಪೊಟ್ಯಾಶಿಯಂ, ಆಮ್ಲ, ನೀರನ್ನು ಕ್ಷಣಕ್ಷಣಕ್ಕೆ ತೂಗುವ ಕೊಳವೆಯ ಕೆಲಸ ಯಂತ್ರಕ್ಕೆ ಬರುವುದಿಲ್ಲ. ಮೂತ್ರಪಿಂಡ ವಾರದ 168 ಗಂಟೆಯೂ ದುಡಿಯುತ್ತದೆ. ಯಂತ್ರ ವಾರಕ್ಕೆ ಮೂರು ಸಲ, ನಾಲ್ಕು ನಾಲ್ಕು ಗಂಟೆಯಂತೆ ದುಡಿದರೂ ಹನ್ನೆರಡು ಗಂಟೆ. ಉಳಿದ ಹೊತ್ತು ರೋಗಿಯೇ ನೀರು ಅಳೆದು ಕುಡಿಯಬೇಕು, ಎಳನೀರು ಬಾಳೆಹಣ್ಣಿನ ಮುಂದೆ ಕೈ ಕಟ್ಟಿ ಕೂರಬೇಕು. ನಲವತ್ತೆರಡು ಡಿಗ್ರಿಯ ಊರಿನಲ್ಲಿ ನೀರು ಅಳೆದು ಕುಡಿಯುವುದೆಂದರೆ ಏನು ಎಂಬುದು ಅನುಭವಿಸಿದವರಿಗೇ ಗೊತ್ತು.

2016ರಲ್ಲಿ ಶುರುವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಡತನ ರೇಖೆಗಿಂತ ಕೆಳಗಿನವರಿಗೆ ಈ ಚಿಕಿತ್ಸೆಯನ್ನು ಉಚಿತ ಮಾಡಿತು. ಕರ್ನಾಟಕದಲ್ಲಿ ತಾಲ್ಲೂಕು ಆಸ್ಪತ್ರೆಗಳವರೆಗೂ ಘಟಕಗಳು ಬಂದವು. ಇದು ದೊಡ್ಡ ಉಪಕಾರ, ಇದನ್ನು ಕಡಿಮೆ ಮಾಡಿ ಹೇಳಲಾಗದು. ಆದರೂ ಹಳ್ಳಿಯಿಂದ ಬರುವ ಕುಟುಂಬಕ್ಕೆ ಬಸ್ ಚಾರ್ಜು, ರೋಗಿಯದೂ ಜೊತೆಗೆ ಬಂದವರದೂ ಕೂಲಿ ವಾರಕ್ಕೆ ಎರಡು ಮೂರು ದಿನ ಹೋಗುವುದು ತಪ್ಪುವುದಿಲ್ಲ. ಕಸಿಗೆ ದೂರದ ಬೆಂಗಳೂರಿನ ನೆಫ್ರೊ ಯುರಾಲಜಿ ಸಂಸ್ಥೆಯಂಥ ಕಡೆಗೆ ಓಡಬೇಕು, ಅಂಗದಾನ ನೋಡಿಕೊಳ್ಳುವ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರು ಬರೆಸಿ ಕಾಯಬೇಕು.

ಅದಕ್ಕೇ ನನ್ನ ಪೂರ್ತಿ ಒತ್ತು ಇರುವುದು ಅಳೆಯುವ ಕೆಲಸದ ಮೇಲೆ. ಬೇಕಾದ ಪರೀಕ್ಷೆಗಳು ಮೂರು. ಬಿಪಿ ಗೇಜನ್ನು ಹೇಳುತ್ತದೆ. ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂದು ನೋಡುವ ಪಟ್ಟಿ, ಗೋಡೆ ಹರಿದಿದೆಯೇ ಎಂಬುದನ್ನು ಹೇಳುತ್ತದೆ. ಗೋಡೆ ಗಟ್ಟಿಯಿದ್ದರೆ ಪ್ರೋಟೀನ್ ಆಚೆಗೆ ಬರಬಾರದು ಎಂಬುದು ಲುಡ್ವಿಗ್ ಸಿದ್ಧಾಂತದ ಮೊದಲ ಮಾತೇ. ಮೂರನೆಯದು ರಕ್ತದ ಕ್ರಿಯಾಟಿನಿನ್, ಅದು ಕಿಡ್ನಿ ಎಷ್ಟು ಸೋಸುತ್ತಿದೆ ಎಂಬುದರ ಅಂದಾಜು. ಇದಕ್ಕೆ ಕಿತ್ತಳೆ ಬಣ್ಣ ಬರಿಸುವ ರಾಸಾಯನಿಕ ಕ್ರಿಯೆಯನ್ನು 1886ರಲ್ಲಿ ಕಂಡುಹಿಡಿದ ಮ್ಯಾಕ್ಸ್ ಯಾಫೆ ಕೂಡ ಜರ್ಮನ್. ಇಂದಿಗೂ ಸಣ್ಣ ಲ್ಯಾಬುಗಳಲ್ಲಿ ಬಹಳಷ್ಟು ಕಡೆ ಅದೇ ಕ್ರಿಯೆಯಿಂದ ಅಳೆಯುತ್ತಾರೆ. ಒಂದು ಎಚ್ಚರ: ಹಿಂದೆ 0.8 ಇದ್ದವರಿಗೆ ಈಗ 1.6 ಬಂದರೆ ‘ಸ್ವಲ್ಪ ಜಾಸ್ತಿ’ ಎಂದು ತಳ್ಳಿಹಾಕಬೇಡಿ, ಸೋಸುವ ಶಕ್ತಿಯಲ್ಲಿ ಅರ್ಧ ಹೋಗಿದೆ ಎಂದು ಅದರ ಅರ್ಥ. ಮೈಯಲ್ಲಿ ಮಾಂಸಖಂಡ ಕಡಿಮೆ ಇರುವ ಕೃಶ ಹೆಂಗಸರಲ್ಲಿ, ವಯಸ್ಸಾದವರಲ್ಲಿ ವರದಿ ‘ನಾರ್ಮಲ್’ ಎಂದರೂ ಕಿಡ್ನಿ ಸೊರಗಿರಬಹುದು. ಹಳೆಯ ವರದಿಗಳನ್ನು ಎಸೆಯದೆ ಜೋಪಾನ ಮಾಡಿ, ಪ್ರತಿ ಸಲ ವೈದ್ಯರಿಗೆ ತೋರಿಸಿ.

ಮೂವತ್ತು ದಾಟಿದವರಿಗೆ ಬಿಪಿ, ಶುಗರ್ ನೋಡುವ ವ್ಯವಸ್ಥೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಇದೆ. ಅದರ ಜೊತೆಗೆ ಮೂತ್ರದ ಪ್ರೋಟೀನ್ ಪಟ್ಟಿಯನ್ನೂ ಬಿಪಿ ಅಥವಾ ಶುಗರ್ ಇರುವ ಪ್ರತಿಯೊಬ್ಬರಿಗೆ ವರ್ಷಕ್ಕೊಮ್ಮೆ ತಪ್ಪದೆ ಮಾಡಬೇಕೆಂದು ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳ ಆರೋಗ್ಯಾಧಿಕಾರಿಗಳನ್ನು ಈ ಬರಹದ ಮೂಲಕ ಕೇಳಿಕೊಳ್ಳುತ್ತೇನೆ. ಒಂದು ಡಯಾಲಿಸಿಸ್‌ನ ಖರ್ಚಿನ ಮುಂದೆ ಅದರ ಬೆಲೆ ಏನೇನೂ ಅಲ್ಲ. ಬೇಸಿಗೆಯಲ್ಲಿ ಕೂಲಿಗೆ ಜನ ಹಚ್ಚುವ ರೈತರು, ಗುತ್ತಿಗೆದಾರರು ಬೆಳಗಿನ ಜಾವ ಬೇಗ ಕೆಲಸ ಶುರು ಮಾಡಿ ಉರಿ ಮಧ್ಯಾಹ್ನ ಬಿಡುವು ಕೊಡಲಿ, ಹೊಲದ ಬದುವಿನಲ್ಲಿ ನೆರಳೂ ಕೊಡ ನೀರೂ ಇರಲಿ. ಔಷಧ ಅಂಗಡಿಯವರು ಬಿಪಿ ಶುಗರ್ ಇರುವವರಿಗೆ ಚೀಟಿ ಇಲ್ಲದೆ ನೋವಿನ ಮಾತ್ರೆ ಕೊಡದಿರಲಿ. ಇದನ್ನು ಓದುತ್ತಿರುವ ನೀವು, ಕಳೆದ ಒಂದು ವರ್ಷದಲ್ಲಿ ಬಿಪಿ ನೋಡಿಸಿಕೊಂಡಿಲ್ಲವಾದರೆ, ಈ ವಾರವೇ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಕೈಯೊಡ್ಡಿ, ಬಂದ ಅಂಕಿಯನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.